ದೊಡ್ಡಪ್ಪನ ಬ್ಯಾರನ್ನಿನಲ್ಲಿ ನನ್ನ ಸರ್ವರ್

ದೊಡ್ಡಪ್ಪನ ಬಲಗೈಯಲ್ಲಿ ಮೊಣಕೈವರೆಗೆ ಒಂದೂ ಕೂದಲಿರಲಿಲ್ಲ. ಹೊಗೆಸೊಪ್ಪು ಬೇಯಿಸುವ ಮನೆಗೆ ನಮ್ಮ ಕಡೆ ಬ್ಯಾರನ್ ಎನ್ನುತ್ತಾರೆ; ಅದರ ಒಲೆಗೆ ನಲವತ್ತು ವರ್ಷ ಸೌದೆ ತಳ್ಳಿ ತಳ್ಳಿ ಎಲ್ಲ ಸುಟ್ಟುಹೋಗಿದ್ದವು. ಅಂಗೈ ಮಾತ್ರ ಬಹಳ ಚುರುಕು. ಬ್ಯಾರನ್ ಬಾಗಿಲಿಗೆ ಅದನ್ನು ಒತ್ತಿ ಒಳಗಿನ ಕಾವು ಇಷ್ಟೇ ಎಂದು ಹೇಳಿಬಿಡುತ್ತಿದ್ದರು. ಥರ್ಮಾಮೀಟರ್ ನೋಡುತ್ತಿದ್ದುದು ಆಮೇಲೆ, ಅದು ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಲು.

ಹುಣಸೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಎಂಟು ವರ್ಷ ತೆಗೆದ ಮದುವೆ ಫೋಟೋಗಳೆಲ್ಲ ಮನೆಯ ಸರ್ವರ್‌ನಲ್ಲಿದ್ದವು. ಸರ್ವರ್ ಎಂದರೆ ದೊಡ್ಡದೇನಲ್ಲ, ಒಂದು ಗಳಿಗೆಯೂ ಆರಿಸದೆ ಓಡಿಸುವ ಕಂಪ್ಯೂಟರ್ ಡಬ್ಬಿ. ಎ.ಸಿ. ಹಾಕಿಸುವ ಶಕ್ತಿ ನನಗಿರಲಿಲ್ಲ. ಶೀಟಿನ ಮನೆಯಲ್ಲಿ ಅದು ಬೇಯುತ್ತಿತ್ತು. ಪಕ್ಕದಲ್ಲೇ ದೊಡ್ಡಪ್ಪ ಬಳಸದೆ ಬಿಟ್ಟಿದ್ದ ಹಳೇ ಬ್ಯಾರನ್ ಇತ್ತು, ದಪ್ಪ ಮಣ್ಣಿನ ಗೋಡೆಯದು. ಕೇಳಿದೆ.

"ಇಟ್ಕೊ ಕಣವ್ವ. ಆದ್ರೆ ಕಾವು ಓಗಕ್ಕೂ ದಾರಿ ಇರ್ಬೇಕು," ಎಂದು ಅವರೇ ಕೆಳಗಿನ ಗಾಳಿಗಂಡಿ, ಸೂರಿನ ಕಿಂಡಿ ಎರಡನ್ನೂ ಬಿಡಿಸಿ, ಇಲಿ ನುಗ್ಗದಂತೆ ಜಾಲರಿ ಹೊಡೆದರು. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಲೇ ಬಂದು ಡಬ್ಬಿಯ ನೆತ್ತಿ ಮುಟ್ಟಿ, "ಜ್ವರ ಇಲ್ಲ ಬುಡು," ಎನ್ನುತ್ತಿದ್ದರು. ನನಗೆ ನಗು.

ಹೋದ ಏಪ್ರಿಲ್‌ನಲ್ಲಿ ಕೆ.ಆರ್. ನಗರದ ಮದುವೆಯೊಂದಕ್ಕೆ ಕ್ಯಾಮೆರಾ ಹೊತ್ತು ಹೋದೆ. ದೊಡ್ಡಪ್ಪನ ಫೋನ್ ಮೂರು ಸಲ ಬಂತು, ಎತ್ತಲಿಲ್ಲ. ಸಂಜೆ ಬಂದು ನೋಡಿದರೆ ಬ್ಯಾರನ್ ನೆಲವೆಲ್ಲ ನೀರು. ಗಂಡಿಗಳಿಗೆ ಒದ್ದೆ ಗೋಣಿಚೀಲ. ಸರ್ವರ್‌ನ ವೈರು ಕಿತ್ತು ಬಿದ್ದಿತ್ತು. ದೊಡ್ಡಪ್ಪ ಬಾಗಿಲಲ್ಲಿ ಕೂತಿದ್ದರು.

ಬೆಂದ ಸೊಪ್ಪು ಪುಡಿಯಾಗದಿರಲಿ ಎಂದು ನಮ್ಮ ಕಡೆ ಬ್ಯಾರನ್ ನೆಲಕ್ಕೆ ನೀರು ಚೆಲ್ಲಿ ಹದ ಬರಿಸುತ್ತಾರೆ. ಸರ್ವರ್‌ಗೂ ಹದ ಬರಿಸಲು ಹೊರಟಿದ್ದಾರೆ ಎಂದೇ ತಿಳಿದೆ.

"ಇದೇನ್ ಹೊಗೆಸೊಪ್ಪಾ ದೊಡ್ಡಪ್ಪ? ಎಂಟು ವರ್ಷದ್ದು ಹಾಳು ಮಾಡುದ್ರಲ್ಲ! ಇನ್ಮೇಲೆ ಇದ್ರ ತಂಟೆಗೆ ಬರ್ಬೇಡಿ!"

"ಬಾಳಾ ಕಾದಿತ್ತು ಕಣವ್ವ..."

ಮುಂದಕ್ಕೆ ಕೇಳುವ ತಾಳ್ಮೆ ನನಗಿರಲಿಲ್ಲ. ದೊಡ್ಡಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಮಾರನೆಯ ದಿನ ನೆಲ ಒಣಗಿದ ಮೇಲೆ ಹೆದರುತ್ತ ಪ್ಲಗ್ ಹಾಕಿದೆ. ಒಂದು ಫೋಟೋವೂ ಹೋಗಿರಲಿಲ್ಲ. ಸರ್ವರ್ ತಾನೇ ಬರೆದಿಟ್ಟುಕೊಳ್ಳುವ ಕಾವಿನ ದಾಖಲೆ ತೆರೆದೆ. ನಾನು ಮದುವೆಗೆ ಹೋದ ಬೆಳಿಗ್ಗೆಯೇ ಒಳಗಿನ ಫ್ಯಾನ್ ನಿಂತುಹೋಗಿತ್ತು. ಗಂಟೆ ಗಂಟೆಗೂ ಕಾವು ಏರಿತ್ತು. ನಡುಮಧ್ಯಾಹ್ನ ಸ್ವಲ್ಪ ಇಳಿದಿತ್ತು. ಅದು ಅವರ ನೀರು, ಅವರ ಗೋಣಿಚೀಲ. ಮತ್ತೆ ಏರಿ, ಇನ್ನೇನು ಡಿಸ್ಕ್‌ಗಳು ಹೋಗಬೇಕು ಅನ್ನುವಾಗ ದಾಖಲೆ ನಿಂತಿತ್ತು. ಅವರು ವೈರು ಕಿತ್ತದ್ದು ಆಗ.

ಹೋಗಿ ತಪ್ಪಾಯ್ತು ಅನ್ನಬೇಕಿತ್ತು. ಹತ್ತು ಹೆಜ್ಜೆಯ ದಾರಿ. ಯಾವ ಮುಖ ಹೊತ್ತು ಹೋಗಲಿ ಎಂದು ನಾಳೆಗೆ ಹಾಕಿದೆ. ಆ ನಾಳೆಯನ್ನು ಇನ್ನೊಂದು ನಾಳೆಗೆ ಹಾಕಿದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಜಮೀನಿಗೆ ಹೋದ ದೊಡ್ಡಪ್ಪ ಬದುವಿನ ಮೇಲೇ ಕುಸಿದರು. ಹೃದಯಾಘಾತ. ಆಸ್ಪತ್ರೆ ಮುಟ್ಟಲಿಲ್ಲ.

ಅಂಗಳದಲ್ಲಿ ಮಲಗಿಸಿದ್ದರು. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು:

"ಒತ್ತಾರೆ ಕಾಪಿ ಕುಡೀತಾ ಕೇಳುದ್ರು ಕಣವ್ವ, 'ಮಗೀನ ಪೋಟ ಎಲ್ಲಾ ನನ್ನಿಂದ್ಲೇ ಓಗ್ಬುಟ್ವೇನೆ' ಅಂತ. ನಂಗೇನ್ ಗೊತ್ತು, ಓಗಿರ್ಬೌದು ಅಂದ್ಬುಟ್ಟೆ."