ಪಳಗದ ನೀರು

ಬಾತು ಪಹಾತ್ ಪೇಟೆಯ ಮಾರುಕಟ್ಟೆ ಬೀದಿಯಲ್ಲಿ ಮೀನುಂಡೆ ಶಾವಿಗೆ ಮಾರುತ್ತಿದ್ದ ಕಿಮ್ ಹುವಾಗೆ ಮೀನಿನ ಬದುಕೂ ಗೊತ್ತಿತ್ತು, ಸಾವೂ ಗೊತ್ತಿತ್ತು. ಮದುವೆಗೆ ಮುಂಚೆ ಅವಳು ಊರಾಚೆಯ ಅರೋವಾನಾ ಎಂಬ ಬೆಲೆಬಾಳುವ ಅಲಂಕಾರದ ಮೀನು ಸಾಕುವ ಕೊಳಗಳಲ್ಲಿ ಕೂಲಿಗಿದ್ದಳು. ಸೊಂಟದ ಮಟ್ಟ ನೀರಿಗಿಳಿದು, ಗಂಡು ಮೀನನ್ನು ತಬ್ಬಿ ಹಿಡಿದು, ಅದು ಬಾಯೊಳಗಿಟ್ಟು ಕಾಯುತ್ತಿದ್ದ ಮರಿಗಳನ್ನು ಈಚೆಗೆ ತೆಗೆಯುವ ಕೆಲಸ. ಎಲ್ಲರೂ ಮರಿಗಳನ್ನು ಲೆಕ್ಕ ಹಾಕುತ್ತಿದ್ದರೆ ಇವಳು ಬಾಯಿ ಬರಿದಾದ ಮೀನು ಹೇಗೆ ಈಜುತ್ತದೆ ಎಂದು ನೋಡುತ್ತ ನಿಂತು ಮೇಸ್ತ್ರಿಯಿಂದ ಬೈಸಿಕೊಳ್ಳುತ್ತಿದ್ದಳು. ಬೆಂಗ್ ಸೂನ್‌ನ ಕೈ ಹಿಡಿದ ಮೇಲೆ ಅವಳ ಕೈ ಮೀನಿನ ಮಾಂಸ ಕುಟ್ಟುವುದಕ್ಕೆ ಬಿತ್ತು. ಮಕ್ಕಳಾಗಲಿಲ್ಲ. ಅಂಗಡಿ ನಡೆಯಿತು.

ಇಬ್ಬರಿಗೂ ತಲೆ ನೆರೆತ ಮೇಲೆ ಒಂದು ವರ್ಷ ಬೆಂಗ್ ಸೂನ್‌ನ ಹೊಟ್ಟೆಯ ಬಲಗಡೆ ಗಂಟೊಂದು ಕೈಗೆ ಸಿಕ್ಕಿತು. ಬೀದಿಯ ಡಾಕ್ಟರು ಒತ್ತಿ ನೋಡಿ, ಜೋಹೋರ್‌ನ ದೊಡ್ಡಾಸ್ಪತ್ರೆಗೆ ಹೋಗಿ, ತಡ ಮಾಡಬೇಡಿ ಎಂದರು. ಅವನು ಹೋಗಿದ್ದು ಕಾಫಿ ಅಂಗಡಿಗೆ. ಅಲ್ಲಿ ಯಾವ ರೋಗಕ್ಕೂ ಮದ್ದಿಲ್ಲ ಎನ್ನುವ ಮಾತೇ ಇಲ್ಲ. ಅರೋವಾನಾ ಸಾಕಿದರೆ ಯಜಮಾನನ ಕಂಟಕವನ್ನು ಮೀನು ತನ್ನ ಮೇಲೆ ಎಳೆದುಕೊಂಡು ಸಾಯುತ್ತದೆ, ಯಜಮಾನ ಉಳಿಯುತ್ತಾನೆ ಎಂದು ಕೋಳಿ ಮಾರುವ ಟೆಕ್ ಲೆಂಗ್ ನೆನಪಿಸಿದ. ಗೊತ್ತಿಲ್ಲದ ಸಂಗತಿಯೇನಲ್ಲ, ಕಿಮ್ ಹುವಾಳ ತಾಯಿಯೂ ಹೇಳುತ್ತಿದ್ದದ್ದೇ. ಆ ವಾರವೇ ಹೊಸ ಗಾಜಿನ ತೊಟ್ಟಿ ಬಂತು, ತೊಟ್ಟಿಯ ಹಿಂದೆಯೇ ಮೊಳದುದ್ದದ ಕೆಂಪು ಮೀನು.

ಮೊದಮೊದಲು ಮೀನು ರಾಜಗಾಂಭೀರ್ಯದಿಂದ ಈಜಿತು. ಆಮೇಲೆ ಓರೆಯಾಯಿತು. ತಲೆ ಕೆಳಗೆ ಬಾಲ ಮೇಲೆ ಮಾಡಿಕೊಂಡು ಮೂಲೆಯಲ್ಲಿ ನಿಲ್ಲುವುದು, ತಟ್ಟನೆ ಓಡಿ ಮೈಯನ್ನು ಗಾಜಿಗೆ ಉಜ್ಜುವುದು, ಮೇಲೆ ಬಂದು ಬಾಯಿ ಬಾಯಿ ಬಿಡುವುದು. ಕಿವಿರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಬೀದಿಗೆ ಬೀದಿಯೇ ಹಬ್ಬ ಮಾಡಿತು. ಬಂದವರೆಲ್ಲ ತೊಟ್ಟಿಯ ಮುಂದೆ ನಿಂತು, ಎಳೀತಾ ಇದೆ, ಎಳೀತಾ ಇದೆ ಎಂದು ಬೆಂಗ್ ಸೂನ್‌ನ ಬೆನ್ನು ತಟ್ಟಿದರು. ಅವನೂ ಗೆಲುವಾಗಿ ಎರಡು ಬಟ್ಟಲು ಹೆಚ್ಚಿಗೆ ಉಂಡ. ಮೀನಿಗೆ ಶಕ್ತಿ ಸಾಲದೆಂದು ಸಿಗಡಿಯ ಮೇಲೆ ಸಿಗಡಿ ಹಾಕಿದ. ಮೀನು ಮೂಸಿಯೂ ನೋಡಲಿಲ್ಲ, ಸಿಗಡಿ ತಳದಲ್ಲೇ ಕೊಳೆಯಿತು.

ಕಿಮ್ ಹುವಾಗೆ ಅದು ಏನೆಂದು ಒಂದೇ ನೋಟಕ್ಕೆ ತಿಳಿದಿತ್ತು. ತೊಟ್ಟಿ ಹೊಸದು, ನೀರು ಇನ್ನೂ ಪಳಗಿಲ್ಲ. ಪಳಗಿದ ನೀರು ಮೀನಿನ ಹೊಲಸನ್ನು ತಾನೇ ಅರಗಿಸಿಕೊಳ್ಳುತ್ತದೆ, ಹೊಸ ನೀರಿನಲ್ಲಿ ಅದೇ ವಿಷವಾಗುತ್ತದೆ. ಕೊಳದ ಕೆಲಸದಲ್ಲಿ ಹಾಗೆ ಓರೆಯಾದ ಎಷ್ಟೋ ಮೀನುಗಳನ್ನು ಅವಳು ಉಳಿಸಿದ್ದಳು.

"ನೀರು ಕೆಟ್ಟಿದೆ ಕಣೋ ಮುದುಕ. ಮೇವು ನಿಲ್ಸು. ದಿನಾ ಒಂದಿಷ್ಟು ನೀರು ಬದಲಾಯಿಸ್ತೀನಿ, ಸರಿಹೋಗತ್ತೆ."

"ತೊಟ್ಟಿ ಮುಟ್ಟಿದ್ರೆ ಕೈ ಮುರೀತೀನಿ ಮುದುಕಿ. ಅದು ನನ್ನ ಕೆಲಸ ಮಾಡ್ತಾ ಇದೆ."

ಆಸ್ಪತ್ರೆಗೆ ಎಂದರೆ, ಮೀನು ಸಾಯಲಿ, ಆಮೇಲೆ ನೋಡೋಣ ಅನ್ನುತ್ತಿದ್ದ. ಗಂಟು ಮಾತ್ರ ಯಾರಿಗೂ ಕಾಯಲಿಲ್ಲ. ಅಂಗಿ ಬಿಚ್ಚಿದಾಗ ಅದು ಕಣ್ಣಿಗೇ ಕಾಣುವಷ್ಟಾಗಿತ್ತು. ಮೀನು ಸತ್ತರೆ ಇವನು ತಾನು ಗೆದ್ದೆನೆಂದು ಊರಿಗೆಲ್ಲ ಊಟ ಹಾಕಿ ಮನೆಯಲ್ಲೇ ಕೂರುತ್ತಾನೆ. ಮೀನು ಚೇತರಿಸಿಕೊಂಡರೆ? ಇದು ಕೈಲಾಗದ ಮೀನು ಎಂದಾದರೂ ತಿಳಿದು ಆಸ್ಪತ್ರೆಯ ದಾರಿ ಹಿಡಿದಾನು. ಹಾಗೆ ಎಣಿಸಿದಳು. ಎಣಿಕೆಯಲ್ಲಿ ತಪ್ಪೇನಿತ್ತು ಎಂದು ಈಗಲೂ ಯಾರೂ ಹೇಳಲಾರರು.

ಮಧ್ಯಾಹ್ನ ಅವನು ಕಾಫಿ ಅಂಗಡಿಗೆ ಹೋದ ಹೊತ್ತು ನೋಡಿ ಅವಳು ಕೊಳೆತ ಸಿಗಡಿ ಎತ್ತಿದಳು. ಹಿತ್ತಲ ಪೀಪಾಯಿಯಲ್ಲಿ ನಿಂತು ತಣಿದ ನೀರನ್ನು ಬಕೆಟ್ಟಿನಲ್ಲಿ ತಂದು, ಹಳೆಯದನ್ನು ಅಷ್ಟು ತೆಗೆದು ಇದನ್ನಷ್ಟು ಸುರಿದಳು, ಒಂದು ಹಿಡಿ ಉಪ್ಪು ಹಾಕಿದಳು. ದಿನವೂ ಹಾಗೆಯೇ. ಮೀನು ನಿಧಾನಕ್ಕೆ ನೆಟ್ಟಗಾಯಿತು. ಒಂದು ಬೆಳಿಗ್ಗೆ ತೊಟ್ಟಿಯ ಈ ತುದಿಯಿಂದ ಆ ತುದಿಗೆ ಕೆಂಪು ರೇಷ್ಮೆ ಎಳೆದ ಹಾಗೆ ಹೋಯಿತು.

ಬೆಂಗ್ ಸೂನ್ ಅದನ್ನು ನೋಡುತ್ತ ಕೂತ. ಕೂತವನು ಅಂಗಡಿಗೆ ಏಳಲಿಲ್ಲ.

"ನನ್ನ ಕಂಟಕ ಅದಕ್ಕೂ ಬೇಡವಾಯ್ತು," ಅಂದ. "ಎಳ್ಕೊಂಡಿದ್ದನ್ನ ಉಗುಳಿಬಿಡ್ತು."

ಅವನ ಮುಖ ನೋಡಿ ಕಿಮ್ ಹುವಾ ಬಾಯಿಬಿಟ್ಟಳು. ಮೀನಿಗೆ ಯಾವ ಕಂಟಕವೂ ಗೊತ್ತಿಲ್ಲ, ನೀರು ಬದಲಾಯಿಸಿದ್ದು ತಾನು, ಕಾಯಿಲೆ ಇದ್ದದ್ದು ತೊಟ್ಟಿಗೆ ಎಂದು ಎಲ್ಲ ಹೇಳಿದಳು. ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ನನಗೆ ಅದನ್ನ ವಾಪಸ್ ಕೊಟ್ಟವಳು ನೀನು."

"ನಾಳೆ ಆಸ್ಪತ್ರೆಗೆ ಹೋಗೋಣ, ಏಳೋ."

"ಯಾಕೆ? ಅಲ್ಲೂ ನೀರು ಬದಲಾಯಿಸ್ತಾರಾ?"

ಅದರ ಮೇಲೆ ಅವನು ಅವಳ ಜೊತೆ ಮಾತಾಡಿದ್ದು ಬೇಕಾದಷ್ಟಕ್ಕೆ ಮಾತ್ರ. ಹೋಗಲಿ, ಅದನ್ನೂ ಸಹಿಸಿಯಾಳು. ಅವಳು ಕಾಯಿಸಿದ ಗಂಜಿಯನ್ನು ಅವಳ ಕೈಯಿಂದ ಕುಡಿಯಲಿಲ್ಲ, ಟೆಕ್ ಲೆಂಗ್ ಬಂದು ಚಮಚ ಹಿಡಿದರೆ ಬಾಯಿ ತೆರೆಯುತ್ತಿದ್ದ. ಕಡೆಗೆ ಎಚ್ಚರ ತಪ್ಪಿದ ಮೇಲೆ ಹೊತ್ತುಕೊಂಡೇ ಆಸ್ಪತ್ರೆಗೆ ಹೋದರು, ಅಲ್ಲಿಂದ ಅವನು ಎದ್ದು ಬರಲಿಲ್ಲ. ಡಾಕ್ಟರು ಪರೀಕ್ಷೆಯ ಚಿತ್ರ ನೋಡಿ, ಗಂಟು ಕಂಡ ಹೊಸದರಲ್ಲೇ ಬಂದಿದ್ದರೂ ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ ಎಂದರು. ಸಮಾಧಾನಕ್ಕೆ ಹೇಳಿದ್ದು. ಟೆಕ್ ಲೆಂಗ್ ಕೂಡ, ಕೇಳಿದ್ಯಾ ಅತ್ತಿಗೆ, ನಿನ್ನ ತಪ್ಪೇನಿಲ್ಲ ಎಂದ.

ಅವಳನ್ನು ಒಳಗೊಳಗೇ ಕೊಂದದ್ದು ಆ ಮಾತೇ. ಹೇಗೂ ಸಾಯುವವನೇ ಆಗಿದ್ದರೆ, ಮೀನನ್ನು ಅದರ ಪಾಡಿಗೆ ಬಿಟ್ಟಿದ್ದರೆ ಸಾಕಿತ್ತು. ತಾನು ಬದುಕಿಕೊಂಡೆ ಎಂದು ನಂಬಿಕೊಂಡು, ಅವಳನ್ನು ಮುದುಕಿ ಎಂದು ಕರೆಯುತ್ತ, ಅವಳ ಕೈಯಿಂದಲೇ ಗಂಜಿ ಕುಡಿದು ಅವನು ಹೋಗುತ್ತಿದ್ದ.