ಸುಂದರಿ ಆರಿಸಿ ಕೊಟ್ಟ ಬಂಗುಡೆ

ಮಂಗಳೂರಿನಲ್ಲಿ ಮೀನುದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಸುಂದರಿಯಕ್ಕನ ಬುಟ್ಟಿಯ ಮುಂದೆ ಚೌಕಾಸಿ ಮಾಡಿ ಗೆದ್ದವರಿಲ್ಲ. ಮೀನು ಮಾರುತ್ತಲೇ ಅಜ್ಜಿಯಾದ ಈ ಗಟ್ಟಿಗಿತ್ತಿಗೆ ಎರಡು ವರ್ಷದ ಹಿಂದೆ ಇನ್ನೊಂದು ಕೆಲಸವೂ ಸಿಕ್ಕಿತು. ನಮ್ಮಂಥ ದೇಶಗಳಲ್ಲಿ ಸಂಶೋಧಕರು ಇಲ್ಲಿಯೇ ತಯಾರಾಗಲಿ ಎಂದು ದೂರದೊಂದು ದೇಶದ ಸರ್ಕಾರ ನೆರವು ಕೊಟ್ಟಿತ್ತು. ಅದರಿಂದ ಊರಲ್ಲೊಂದು ಪ್ರಯೋಗಾಲಯ ಎದ್ದಿತು, ಮಾನ್ಯಾ ಎಂಬ ಹುಡುಗಿ ಪಿಎಚ್‌ಡಿಗೆ ಸೇರಿದಳು, ವಾರವಾರ ಅವಳಿಗೆ ಒಂದು ಪೆಟ್ಟಿಗೆ ಬಂಗುಡೆ ಮೀನು ತುಂಬಿಸಿ ಕೊಡುವುದು ಸುಂದರಿಯ ಪಾಲಿಗೆ ಬಂತು. ಸಮುದ್ರದ ಬಂಗುಡೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆಯೇ ಎಂದು ಮಾನ್ಯಾ ಅಳೆದು ನೋಡಬೇಕಿತ್ತು.

"ಆರಿಸ್ಬೇಡಿ ಅಕ್ಕ, ಕೈಗೆ ಸಿಕ್ಕಿದ್ದನ್ನು ಹಾಕಿ" ಎಂದು ಅವಳು ಮೊದಲೇ ಹೇಳಿದ್ದಳು. ಸುಂದರಿ ಹೂಂ ಎಂದಿದ್ದಳು. ಆದರೆ ಒಬ್ಬರಿಗೆ ಕೊಟ್ಟು ಕಳಿಸುವ ಮೀನು ಬುಟ್ಟಿಯಲ್ಲೇ ಒಳ್ಳೆಯದಾಗಿರಬೇಕು ಎಂಬುದು ಅವಳ ಮನೆಯಲ್ಲಿ ಅಜ್ಜಿಯ ಕಾಲದ ಕಟ್ಟಳೆ. ಓದುವ ಹುಡುಗಿಗೆ ಹೊಟ್ಟೆ ಒಡೆದ ಮೀನು ಕೊಡುವುದೇ? ಛೆ! ಎರಡು ವರ್ಷವೂ ದಪ್ಪ ದಪ್ಪ ಬಂಗುಡೆಗಳನ್ನೇ ಆರಿಸಿ, ತೊಳೆದು ಕೊಟ್ಟಳು.

ದೋಣಿಯವರೆಲ್ಲ ಮೀನು ಸಣ್ಣದಾಯಿತೆಂದು ಗೊಣಗುವಾಗ ತನ್ನ ಅಳತೆಯಲ್ಲಿ ಮಾತ್ರ ಅದು ದಪ್ಪವಾಗಿಯೇ ಉಳಿದಿರುವುದು ಮಾನ್ಯಾಳಿಗೆ ಅನುಮಾನ ತಂದಿತು. ಒಂದು ಬೆಳಿಗ್ಗೆ ಹೇಳದೆ ಬಂದು ನಿಂತು ನೋಡಿದಳು. ಸುಂದರಿ ಸಣ್ಣದನ್ನು ಬದಿಗಿಟ್ಟು ದಪ್ಪದ್ದನ್ನೇ ಆರಿಸುತ್ತಿರುವುದನ್ನು ಕಂಡು ತಲೆಗೆ ಕೈಯಿಟ್ಟು ಕೂತಳು.

"ಎಂತ ಆಯ್ತು ಮಾರಾಯ್ತಿ?"

"ಎರಡು ವರ್ಷದ ಕೆಲಸ ಹೋಯ್ತು ಅಕ್ಕ. ದಪ್ಪದ್ದನ್ನೇ ಅಳೆದ್ರೆ ಸಮುದ್ರದ ಮೀನಿನ ಲೆಕ್ಕ ಸಿಗುವುದಿಲ್ಲ. ಬರುವ ವಾರ ನೆರವಿನವರು ಬರ್ತಾರೆ. ಅವರು ನಿಲ್ಲಿಸಿದ್ರೆ ನನ್ನ ಓದು ಅರ್ಧಕ್ಕೇ ನಿಂತ ಹಾಗೆ." ಕಣ್ಣೊರೆಸಿಕೊಂಡು ಸೇರಿಸಿದಳು, "ನಾನೇ ಬಂದು ನೋಡ್ಬೇಕಿತ್ತು. ತಪ್ಪು ನಂದೇ ಅಂತ ಹೇಳ್ತೇನೆ."

ಸುಂದರಿಗೆ ಆ ವಾರ ಅನ್ನ ಸೇರಲಿಲ್ಲ. ನೆರವಿನವರ ಸಭೆಯ ದಿನ ಒಳ್ಳೆಯ ಸೀರೆಯುಟ್ಟು, ಯಾರೂ ಕರೆಯದೆ, ಬಸ್ಸು ಹತ್ತಿ ಪ್ರಯೋಗಾಲಯಕ್ಕೆ ಹೋದಳು. ಮಾನ್ಯಾ ಬಾಯಿ ತೆರೆಯುವ ಮೊದಲೇ ಎದ್ದು ನಿಂತಳು.

"ಮೀನು ಆರಿಸಿದ್ದು ನಾನು. ಇವಳು ಬೇಡ ಅಂತ ಹೇಳಿದ್ಲು. ಚಂದದ್ದು ಕೊಡುವ ಅಂತ ಆಸೆ ನಂಗೆ. ಬೈಯುವುದಾದ್ರೆ ನಂಗೆ ಬೈಯಿರಿ."

ಯಾರೋ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಹೊರದೇಶದ ಅಧಿಕಾರಿಣಿ ತಪ್ಪು ಹಿಡಿದವರು ಯಾರೆಂದು ಕೇಳಿದಳು. ಸುಂದರಿ ಮಾನ್ಯಾಳನ್ನು ಮುಂದಕ್ಕೆ ತಳ್ಳಿದಳು. ತಮ್ಮ ತಪ್ಪನ್ನು ತಾವೇ ಹಿಡಿಯುವವರು ಇಲ್ಲಿದ್ದಾರಲ್ಲ, ನಾವು ನೆರವು ಕೊಟ್ಟದ್ದು ಅದಕ್ಕೇ ಎಂದಳಂತೆ ಆಕೆ. ಮತ್ತೆ ಮೊದಲಿನಿಂದ ಅಳೆಯಲು ಮೂರು ವರ್ಷ ಸಿಕ್ಕಿತು.

ಮರುವಾರ ಧಕ್ಕೆಯಲ್ಲಿ ಸುಂದರಿ ಕಣ್ಣು ಬಿಗಿಯಾಗಿ ಮುಚ್ಚಿ ಬುಟ್ಟಿಗೆ ಕೈ ಹಾಕಿದಳು. ನಲವತ್ತು ವರ್ಷದ ಅಭ್ಯಾಸ. ಬೆರಳುಗಳು ಸಣ್ಣದನ್ನು ದಾಟಿ ದಪ್ಪದ ಮೀನಿಗೇ ಹೋದವು. "ಈ ಕೈಗೆ ಬುದ್ಧಿ ಇಲ್ಲ" ಎಂದು ಅದನ್ನು ಬಿಟ್ಟು, ಮೊದಲು ತಾಗಿದ್ದನ್ನೇ ಎತ್ತಿದಳು. ಹೊಟ್ಟೆ ಒಡೆದ ಒಂದು ಪುಟ್ಟ ಬಂಗುಡೆ. ನಾಚಿಕೆಯಿಂದ ಅವಳ ಮುಖ ಕೆಂಪಾಯಿತು. ಮಾನ್ಯಾ ಪೆಟ್ಟಿಗೆ ಚಾಚಿ ಕಾಯುತ್ತಿದ್ದಳು.

ಸುಂದರಿ ಅದನ್ನು ಎರಡು ಸಲ ತೊಳೆದು ಪೆಟ್ಟಿಗೆಯಲ್ಲಿಟ್ಟಳು.