ಧಾತಕಿ ಹೂವೂ ನಮ್ಮತ್ತೆಯ ಮಡಿಯೂ

ಅರವತ್ತನೆಯ ಇಸವಿಯ ಆಸುಪಾಸಿನ ಮಾತು. ವಿಷಮಶೀತ ಜ್ವರ ನನ್ನನ್ನು ಬಿಟ್ಟಿತ್ತು, ಹಾಸಿಗೆ ಬಿಟ್ಟಿರಲಿಲ್ಲ. ಅನ್ನ ಕಂಡರೆ ಹೊಟ್ಟೆ ತೊಳೆಸುತ್ತಿತ್ತು. ಗೋಡೆ ಹಿಡಿದು ಹಿತ್ತಲಿಗೆ ಹೋಗಿ ಬಂದರೆ ಮೈಯೆಲ್ಲ ಬೆವರು. ಬಾಣಾವರದ ಶಾಲೆಯಲ್ಲಿ ನನಗೆ ಉಪಾಧ್ಯಾಯಿನಿಯ ಕೆಲಸ ಸಿಕ್ಕಿ ವರ್ಷ ತುಂಬಿರಲಿಲ್ಲ. ಅರಸೀಕೆರೆಯಿಂದ ದಿನಾ ರೈಲಿನಲ್ಲಿ ಓಡಾಟ. ರಜೆ ಮುಗಿದ ಮೇಲೂ ಹಾಜರಾಗದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇವೆಂದು ಶಾಲೆಯಿಂದ ಹೇಳಿ ಕಳಿಸಿದ್ದರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮವರು, ಜೀವಕ್ಕಿಂತ ಕೆಲಸ ಹೆಚ್ಚೇ, ರಾಜೀನಾಮೆ ಬರೆದುಕೊಡು ಎಂದರು. ಬರೆಯುವುದಿಲ್ಲ ಎಂದೆ. ಮದುವೆಯಾದ ಮೇಲೆ ಅವರ ಮಾತಿಗೆ ನಾನು ಹಾಗೆ ಅಡ್ಡ ನಿಂತದ್ದು ಅದೇ ಮೊದಲು.

ನನ್ನ ಬೆನ್ನಿಗೆ ನಿಂತವರು ಅತ್ತೆ. ಆದರೆ ಅವರದೂ ಒಂದು ಕರಾರು: ಮೈಗೆ ಶಕ್ತಿ ಬರುವ ತನಕ ಹೊಸಿಲು ದಾಟಕೂಡದು. ಶಕ್ತಿಗೆ ದ್ರಾಕ್ಷಾಸವ. ಅಂಗಡಿಯ ಶೀಶೆ ಮಾತ್ರ ಮನೆಯೊಳಗೆ ಬರುವ ಹಾಗಿಲ್ಲ. ಯಾರು ಮುಟ್ಟಿದ್ದೋ, ಯಾವ ನೀರು ಬೆರೆಸಿದ್ದೋ. ಎಲ್ಲ ಮಡಿಯಲ್ಲಿ, ಮನೆಯಲ್ಲೇ ಆಗಬೇಕು.

ಒಣದ್ರಾಕ್ಷಿ ಕುದಿಸಿ, ಆರಿಸಿ, ಬೆಲ್ಲ ಕದಡಿ, ಧಾತಕಿ ಹೂವು ಹಾಕಿದರು. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ, ತೆಂಗಿನ ನಾರಿನ ಗುಡ್ಡೆಯಲ್ಲಿ ಹೂತಿಟ್ಟರು. ವಾರಗಟ್ಟಲೆ ಕಾದು ತೆಗೆದರೆ ಮೇಲೆಲ್ಲ ಬೂಷ್ಟು. ನಾನು ಸಂಬಳವಿಲ್ಲದೆ ಇನ್ನಷ್ಟು ರಜೆ ಬೇಡಿ ಪಡೆದೆ. ಅದು ಕೊನೆಯದು ಎಂದರು.

ನನ್ನ ತವರು ಬೇಲೂರು. ಅಪ್ಪ ಮನೆಯಲ್ಲೇ ಔಷಧಿ ಕೊಡುತ್ತಿದ್ದವರು. ಅವರ ಆಸವ ಕೆಟ್ಟದ್ದನ್ನು ನಾನು ಕಂಡಿಲ್ಲ. ಕೇಳೋಣವೆಂದರೆ ಅಪ್ಪ ಆಗಲೇ ತೀರಿಕೊಂಡಿದ್ದರು. ಮಲಗಿದಲ್ಲೇ ಅವರ ಕೈಕೆಲಸವನ್ನು ಕಣ್ಣಮುಂದೆ ತಂದುಕೊಂಡೆ. ಹೂವನ್ನು ಮೊರದಲ್ಲಿ ಕೇರಿ ಕಸ ತೆಗೆಯುತ್ತಿದ್ದರೇ ಹೊರತು ಅದಕ್ಕೆ ನೀರು ತೋರಿಸುತ್ತಿರಲಿಲ್ಲ. ಜಾಡಿಗೆ ಜೀವ ಬರುವುದೇ ಹೂವಿನಿಂದ ಎನ್ನುತ್ತಿದ್ದರು. ನಮ್ಮೂರ ಗುಡಿಯ ಕಲ್ಲು ಕಡೆಯುವುದಕ್ಕಿಂತ ಎಷ್ಟೋ ಹಿಂದೆ ಯಾರೋ ಹಣ್ಣಿನ ರಸವನ್ನು ಮರೆತು ಇಟ್ಟಿರಬೇಕು, ಅದು ತಾನಾಗಿ ನೊರೆಯೆದ್ದಿರಬೇಕು, ಅದನ್ನು ಚೆಲ್ಲದೆ ಕುಡಿದವನ ಎದೆಗಾರಿಕೆಯಿಂದ ನಮ್ಮ ವೈದ್ಯವೃತ್ತಿ ನಡೆದಿದೆ ಎಂದು ನಗುತ್ತಿದ್ದರು. ನಮ್ಮತ್ತೆಯೋ, ಹಳೇಬೀಡಿನ ಕಡೆಯಿಂದ ಸಂತೆಗೆ ಬಂದ ಹೂವೆಂದು ಅದನ್ನು ಮೂರು ನೀರಿನಲ್ಲಿ ಜಾಲಿಸಿ, ಸಾಲದೆಂದು ಕುದಿಯುವ ನೀರು ಹೊಯ್ದಿದ್ದರು. ಜೀವವೆಲ್ಲ ಬಚ್ಚಲಿಗೆ ಹೋಗಿತ್ತು.

ಹೇಳಿದೆ. ಅತ್ತೆಗೆ ಸಿಟ್ಟು ನೆತ್ತಿಗೇರಿತು. ಯಾರ್ಯಾರೋ ಮುಟ್ಟಿದ್ದನ್ನು ತೊಳೆಯದೆ ಜಾಡಿಗೆ ಹಾಕುವುದು ತಮ್ಮಿಂದಾಗದು ಎಂದರು. ತೊಳೆದರೆ ಮತ್ತೆ ಬೂಷ್ಟೇ ಎಂದು ನಾನೂ ಬಿಡಲಿಲ್ಲ. ಇಬ್ಬರೂ ಮುಖ ಗಂಟಿಕ್ಕಿಕೊಂಡು ಕೂತೆವು. ಇದೇ ಸಮಯವೆಂದು ನಮ್ಮವರು ರಾಜೀನಾಮೆಯ ಮಾತು ತೆಗೆದರು. ಅದನ್ನು ಕೇಳಿದ್ದೇ ಅತ್ತೆಯ ಹಟ ದಿಕ್ಕು ಬದಲಿಸಿತು. ಗಿಡದಲ್ಲಿರುವ ಹೂವಿಗೆ ಮೈಲಿಗೆ ಉಂಟೇ ಎಂದು ನನ್ನನ್ನೇ ಕೇಳಿದರು. ಇಲ್ಲ ಎಂದೆ. ಹಾಗಾದರೆ ತಾವೇ ಹೋಗಿ ಕೀಳುವುದಾಗಿ ಹೇಳಿದರು.

ಶಿವರಾತ್ರಿ ಹತ್ತಿರದ ದಿನಗಳು, ಗುಡ್ಡದಲ್ಲಿ ಧಾತಕಿ ಕೆಂಪಗೆ ಬಿಟ್ಟಿತ್ತು. ಮಾರನೆಯ ಬೆಳಿಗ್ಗೆ ಅತ್ತೆ ತಲೆಗೆ ನೀರು ಹುಯ್ದುಕೊಂಡು, ಒದ್ದೆ ಸೀರೆಯಲ್ಲೇ, ಮಂಡಿನೋವು ಲೆಕ್ಕಿಸದೆ ಊರಾಚೆಯ ಕಲ್ಲುಗುಡ್ಡ ಹತ್ತಿದರು. ದಾರಿಯಲ್ಲಿ ಯಾರೂ ಮುಟ್ಟದ ಹಾಗೆ ನಮ್ಮವರು ಮುಂದೆ ಮುಂದೆ, ಸ್ವಲ್ಪ ಸರೀರಿ, ಸ್ವಲ್ಪ ಸರೀರಿ ಎನ್ನುತ್ತ ನಡೆದರಂತೆ. ಕಚೇರಿಯವರೆಲ್ಲ ನೋಡಿಬಿಟ್ಟರು ಎಂದು ಆಮೇಲೆ ಗೊಣಗಿದ್ದೇ ಗೊಣಗಿದ್ದು.

ತೊಳೆಯದ ಆ ಹೂವು ಬಿದ್ದು ಈ ಸಲ ಜಾಡಿಗೆ ಜೀವ ಬಂತು. ಕಿವಿಗೊಟ್ಟರೆ ಒಳಗೆ ಸಣ್ಣಗೆ ಗುಳುಗುಳು ಸದ್ದು. ಅಪ್ಪನೇ ಬಂದು ಮಾತಾಡಿಸಿದಷ್ಟು ಸಂತೋಷವಾಯಿತು ನನಗೆ. ಸದ್ದು ಅಡಗಿ ದಿನಗಳು ಕಳೆದ ಮೇಲೆ ಮಣ್ಣು ಬಿಡಿಸಿದೆವು. ಅಡುಗೆಮನೆಯೆಲ್ಲ ವಾಸನೆ ತುಂಬಿತು. ಅತ್ತೆ ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದರು. ತೆಂಗಿನ ಸೀಮೆಯ ಹೆಂಗಸು. ಹೆಂಡದ ಗಡಿಗೆ ಹೊತ್ತವರು ಎದುರಾದಾಗ ಮುಖ ತಿರುಗಿಸಿದ್ದರೂ ಆ ವಾಸನೆ ಗೊತ್ತಿಲ್ಲದೆ ಇರುತ್ತದೆಯೇ?

"ಇದು ಹೆಂಡ ಅಲ್ವೇನೇ?" ಎಂದರು.

ಔಷಧಿ ಎಂದು ತೇಲಿಸಿಬಿಡಬಹುದಿತ್ತು. ಮನಸ್ಸು ಬರಲಿಲ್ಲ.

"ಅದರದೇ ಜಾತಿ ಅತ್ತೆ. ಸುಳ್ಳು ಹೇಳಿ ಕುಡಿಯಲ್ಲ. ಬೇಡ ಅಂದ್ರೆ ಚೆಲ್ಲಿಬಿಡಿ, ಗೋಡೆ ಹಿಡ್ಕೊಂಡಾದ್ರೂ ಸ್ಕೂಲಿಗೆ ಹೋಗ್ತೀನಿ" ಎಂದೆ.

ಅತ್ತೆ ಜಾಡಿಯನ್ನೂ ನನ್ನ ಬಡಕಲು ಕೈಯನ್ನೂ ನೋಡಿದರು. ಚೆಲ್ಲಿಯೇ ಬಿಡುತ್ತಾರೆ ಎಂದುಕೊಂಡು ನಾನು ಹಲ್ಲು ಕಚ್ಚಿ ನಿಂತೆ. ಅವರು ಮಕ್ಕಳಿಗೆ ಔಷಧಿ ಕುಡಿಸುವ ಒಳಲೆ ತಂದು, ಮೊದಲು ತಮಗೆ ತುಂಬಿಕೊಂಡು, ಕಣ್ಣು ಮುಚ್ಚಿ ಬಾಯಿಗೆ ಹೊಯ್ದುಕೊಂಡರು. ಮುಖ ಕಿವುಚಿಕೊಂಡರು, ಕಣ್ಣಲ್ಲಿ ನೀರು ಬಂತು. ಮತ್ತೆ ತುಂಬಿ ನನ್ನ ಮುಂದೆ ಹಿಡಿದರು.

"ಪಾಪ ಬಂದ್ರೆ ನನಗೂ ಬರ್ಲಿ. ಕುಡಿ ಕಣೇ, ನೀನು ಕೆಲಸ ಬಿಡಕೂಡದು."

ನಾನು ಶಾಲೆಗೆ ಹಾಜರಾಗುವ ದಿನದವರೆಗೂ, ಊಟವಾದ ಮೇಲೆ, ಅವರು ಮೊದಲು ತಾವು ಕುಡಿದೇ ನನಗೆ ಕೊಟ್ಟರು.